ಲೆಲ್ಯಾಂಡನ ಉಷ್ಟ್ರಪಕ್ಷಿಗಳು

ಲೆಲ್ಯಾಂಡ್ ಹಾಗೆನ್‌ನ ಬದುಕಿನೊಳಗೆ ಉಷ್ಟ್ರಪಕ್ಷಿಗಳು ನುಗ್ಗಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಊರಿನ ಒಂದೇ ಒಂದು ಬ್ಯಾಂಕಿನಲ್ಲಿ, ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ ಕ್ಷಣದಲ್ಲಿ.

"ಇಷ್ಟು ವರ್ಷ ಒಂದು ಮಾತೂ ಹೇಳ್ಲಿಲ್ವಲ್ಲ ಮಾರಾಯ," ಎಂದ ಸಾಲದ ಮೇಜಿನ ಡ್ಯಾರಿಲ್, ಕೈಯಲ್ಲಿದ್ದ ಕಾಗದದಿಂದ ಕಣ್ಣೆತ್ತದೆ.

"ಏನನ್ನ?"

"ಉಷ್ಟ್ರಪಕ್ಷಿ ಸಾಕ್ತಿದ್ದೆ ಅಂತ."

ಲೆಲ್ಯಾಂಡ್ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಇನ್ಯಾವ ಲೆಲ್ಯಾಂಡನೂ ಇರಲಿಲ್ಲ. ಪಕ್ಕದ ಮನೆಯ ಲವಾನ್ ಮಾತ್ರ ಕೌಂಟರಿನಲ್ಲಿ ನಿಂತು, ಹಣ ಎಣಿಸುವುದನ್ನು ನಿಲ್ಲಿಸಿ, ಬೆನ್ನಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು.

ಡ್ಯಾರಿಲ್ ಕಾಗದ ತಿರುಗಿಸಿ ತೋರಿಸಿದ. ಅದು ಲೆಲ್ಯಾಂಡನ ಕ್ರೆಡಿಟ್ ರಿಪೋರ್ಟು, ಸಾಲ ಮಾಡಿದ್ದು ತೀರಿಸಿದ್ದರ ಜಾತಕ. ಉದ್ಯೋಗ: ಉಷ್ಟ್ರಪಕ್ಷಿ ಸಾಕಣೆ. ಸಾರ್ವಜನಿಕ ದಾಖಲೆ: ಆರು ವರ್ಷದ ಹಿಂದೆ ನ್ಯಾಯಾಲಯದಲ್ಲಿ ದಿವಾಳಿ.

"ಇದು ನಾನಲ್ಲ!"

"ಎಲ್ರೂ ಹಾಗೇ ಅನ್ನೋದು. ಇರ್ಲಿ, ಕೂತ್ಕೊಂಡು ಪೂರ್ತಿ ಕೇಳು. ಇದರಿಂದ ಆಕಾಶ ಏನೂ ಕಳಚಿ..."

ಆದರೆ ಲೆಲ್ಯಾಂಡ್ ಆಗಲೇ ಎದ್ದಿದ್ದ. ಪೂರ್ತಿ ಕೇಳುವುದು ಅವನ ಜಾಯಮಾನವಲ್ಲ. ಅರ್ಧ ಕೇಳಿ ಉಳಿದರ್ಧವನ್ನು ಅನುಮಾನಿಸುವವನು ಅವನು. ಅಲ್ಲದೆ ಸಾಲ ಎಂಬ ಪದವೇ ಅವನಿಗೆ ಅಲರ್ಜಿ. ಮನೆ ಮಾವನದು. ಟ್ರಕ್ಕು ಕೊಂಡದ್ದು ಕಾಫಿ ಡಬ್ಬಿಯಲ್ಲಿ ಕೂಡಿಟ್ಟ ನೋಟುಗಳಿಂದ. ಹುಟ್ಟಿದಾಗಿನಿಂದ ಅವನು ಕಡ ತಂದದ್ದು ಒಂದು ಏಣಿ ಮಾತ್ರ, ಅದನ್ನೂ ಮಳೆ ಬರುವ ಮುಂಚೆ ವಾಪಸ್ ಮಾಡಿದ್ದ. ಅಂಥವನು ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದ್ದು ಓರ್ವಿಲ್ ಮುದುಕನ ಗಾಳದಂಗಡಿಗಾಗಿ.

ಆ ಅಂಗಡಿ ಕೆರೆಯ ದಂಡೆಯಲ್ಲಿತ್ತು. ಹತ್ತೊಂಬತ್ತು ವರ್ಷದಿಂದ ಲೆಲ್ಯಾಂಡ್ ಅಲ್ಲಿ ಎರೆಹುಳು ಎಣಿಸಿ ಡಬ್ಬಿಗೆ ಹಾಕುತ್ತಿದ್ದ, ತೊಟ್ಟಿಯ ಮರಿಮೀನುಗಳಿಗೆ ಗಾಳಿ ಊದುವ ಯಂತ್ರವನ್ನು ತಟ್ಟಿ ತಟ್ಟಿ ಎಬ್ಬಿಸುತ್ತಿದ್ದ. ಮಂಡಿನೋವಿನ ಓರ್ವಿಲ್ ಈಗ ಬಿಸಿಲಿರುವ ಅರಿಜೋನಾದಲ್ಲಿ ಮಗಳ ಮನೆಗೆ ಹೊರಟಿದ್ದ. "ಅಗ್ನಿಶಾಮಕ ಠಾಣೆಯ ಶುಕ್ರವಾರದ ಮೀನೂಟ ಮುಗಿಯೋದ್ರೊಳಗೆ ನಿನ್ನ ಬ್ಯಾಂಕು ಹೂಂ ಅಂದ್ರೆ ಅಂಗಡಿ ನಿಂದು ಹುಡುಗ. ಇಲ್ಲಾಂದ್ರೆ ಆ ಚಿಕಾಗೋದವನಿಗೆ," ಎಂದಿದ್ದ. ಚಿಕಾಗೋದವನು ಅಲ್ಲಿ ಪರಿಮಳದ ಮೇಣದಬತ್ತಿ ಮಾರುವವನಿದ್ದ. ಐವತ್ತು ದಾಟಿದ 'ಹುಡುಗ'ನಿಗೆ ಲ್ಯಾವೆಂಡರ್ ವಾಸನೆ ಎಂದರೆ ಸೀನು.

ಟ್ರಕ್ಕಿನಲ್ಲಿ ಕೂತು ಲೆಲ್ಯಾಂಡ್ ಶಂಕಿತರನ್ನು ಒಬ್ಬೊಬ್ಬರಾಗಿ ಕಣ್ಣಮುಂದೆ ತಂದುಕೊಂಡ. ಅಂಚೆಯವನು? ಅವನ ನಾಯಿಗೆ ತಾನು ಒಮ್ಮೆ ಬೂಟು ಎಸೆದದ್ದುಂಟು. ಡ್ಯಾರಿಲ್? ಹೋದ ಚಳಿಗಾಲ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವ ಪಂದ್ಯದಲ್ಲಿ ತನಗೆ ಸೋತಿದ್ದ. ಸೋತವನ ನಗು ಸ್ವಲ್ಪ ಜಾಸ್ತಿಯೇ ಅಗಲವಾಗಿತ್ತು. ಮನೆ ತಲುಪುವಷ್ಟರಲ್ಲಿ ಊರಿನಲ್ಲಿ ನಿರಪರಾಧಿ ಎಂದು ಉಳಿದವನು ತೀರಿಹೋದ ಪಾದ್ರಿ ಒಬ್ಬನೇ.

ಗುರುತಿನ ಕಾಗದಗಳಿಗಾಗಿ ಒಳಗೆ ಹೋದರೆ ಹೆಂಡತಿ ಆರ್ಡಿಸ್ ಅಡುಗೆಮನೆಯ ನಡುವೆ ಕೈಕಟ್ಟಿ ನಿಂತಿದ್ದಳು. ಲವಾನಳ ಫೋನು ಟ್ರಕ್ಕಿಗಿಂತ ಬೇಗ ಬಂದಿತ್ತು.

"ಎಲ್ಲಿಟ್ಟಿದ್ದೆ?"

"ಏನನ್ನ?"

"ಹಕ್ಕಿಗಳನ್ನ."

"ಆರ್ಡಿಸ್, ನನ್ನ ಹತ್ರ ಯಾವ ಹಕ್ಕೀನೂ ಇರ್ಲಿಲ್ಲ."

"ಪ್ರತಿ ನವೆಂಬರ್ ಒಂದು ವಾರ ಜಿಂಕೆ ಬೇಟೆ ಅಂತ ಹೋಗ್ತೀಯ. ಇವತ್ತಿನವರೆಗೆ ಒಂದು ಜಿಂಕೆ ತಂದಿದೀಯಾ?"

"ನನ್ನ ಗುರಿ ಸರಿ ಇಲ್ಲ, ಅಷ್ಟೇ!"

"ನಾನೂ ಅದನ್ನೇ ನಂಬಿದ್ದೆ." ಅವಳು ಗೋಡೆಯ ಮೊಳೆಯಿಂದ ಧೂಳು ಒರೆಸುವ ಪುಕ್ಕದ ಪೊರಕೆ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. "ಇದು? ಮದುವೆ ವಾರ್ಷಿಕೋತ್ಸವಕ್ಕೆ ಹೆಂಡ್ತಿಗೆ ಪೊರಕೆ ಕೊಡೋ ಗಂಡಸು ಯಾರು ಅಂತ ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದೆ. ಈಗ ಗೊತ್ತಾಯ್ತು. ಮನೇಲಿ ಬೆಳೆದ ಮಾಲು."

ಇರುವ ಹಕ್ಕಿಯನ್ನು ಇದೆ ಎಂದು ತೋರಿಸಬಹುದು. ಇಲ್ಲದ ಹಕ್ಕಿಯನ್ನು ಇಲ್ಲ ಎಂದು ತೋರಿಸುವುದು ಹೇಗೆ?

ಫೋನು ರಿಂಗಾಯಿತು. ಆರ್ಡಿಸ್ ಎತ್ತಿ, "ಹೌದಂತೆ... ಇಲ್ಲ, ನನಗೂ ಹೇಳಿರ್ಲಿಲ್ಲ," ಎಂದು ಇಟ್ಟಳು. ಮತ್ತೆ ರಿಂಗಾಯಿತು. ಮೂರನೆಯ ಸಲ ಅವಳು ರಿಸೀವರನ್ನು ಎತ್ತಿ ಪಕ್ಕಕ್ಕೆ, ಬ್ರೆಡ್ಡಿನ ಡಬ್ಬಿಯ ಮೇಲೆ ಮಲಗಿಸಿದಳು. ಆ ಹೊತ್ತಿಗೆ ಹಿಂದಿನ ಬಾಗಿಲು ತಟ್ಟದೆಯೇ ತೆರೆದುಕೊಂಡಿತು. ಲವಾನ್ ಎರಡೂ ಕೈಗಳಲ್ಲಿ ಮಾಂಸ, ತರಕಾರಿ ಒಟ್ಟಿಗೆ ಬೇಯಿಸಿದ ಬಿಸಿ ಹಾಟ್‌ಡಿಶ್‌ನ ಪಾತ್ರೆ ಹಿಡಿದು ನಿಂತಿದ್ದಳು. ಮೇಲೆ ಆಲೂಗಡ್ಡೆ ಕೆಂಪಗೆ ಬೆಂದಿತ್ತು, ಪಾತ್ರೆಯ ತಳದಲ್ಲಿ ಅವಳ ಹೆಸರಿನ ಪಟ್ಟಿ ಅಂಟಿತ್ತು. ಆ ಊರಿನಲ್ಲಿ ಕೇಳದೆಯೇ ಹಾಟ್‌ಡಿಶ್ ಬಾಗಿಲಿಗೆ ಬಂತೆಂದರೆ ಒಂದೋ ಮನೆಯಲ್ಲಿ ಸಾವು, ಇಲ್ಲ ಮನೆಯೇ ಮುಳುಗಿದೆ.

"ಏನೂ ಮಾತಾಡ್ಬೇಡ ಲೆಲ್ಯಾಂಡ್. ಇವತ್ತಿನ ಮೀನೂಟದಲ್ಲಿ ಕೂಡೋ ಚಂದಾ ದುಡ್ಡು ಪೂರ್ತಿ ನಿನಗೇ ಅಂತ ತೀರ್ಮಾನ ಆಗಿದೆ. ಅಗ್ನಿಶಾಮಕದ ಹೊಸ ಪೈಪು ಮುಂದಿನ ವರ್ಷ ತಗೋತಾರಂತೆ."

"ನನಗೆ ಬೇಡ! ಅದು ನಾನಲ್ಲ!"

"ಬೇಡ ಅನ್ನೋರಿಗೇ ಕಣಪ್ಪ ಜಾಸ್ತಿ ಬೇಕಾಗಿರೋದು." ಅವಳು ಪಾತ್ರೆ ಇಟ್ಟು, ದನಿ ತಗ್ಗಿಸಿದಳು. "ಒಂದು ಕೇಳ್ಲಾ? ಅದರ ಒಂದು ಮೊಟ್ಟೇಲಿ ಎಷ್ಟು ಜನಕ್ಕೆ ಆಮ್ಲೆಟ್ ಆಗುತ್ತೆ?"

ಲೆಲ್ಯಾಂಡ್ ಕಾಗದಗಳನ್ನು ಕೋಟಿಗೆ ತುರುಕಿಕೊಂಡು ಓಡಿದ.

ದಿವಾಳಿ ನ್ಯಾಯಾಲಯ ಇದ್ದದ್ದು ದೂರದ ಪೇಟೆಯಲ್ಲಿ. ಅರ್ಧ ದಾರಿಯಲ್ಲಿ ಹಿಂದಿನಿಂದ ಕೆಂಪು ದೀಪ ಮಿನುಗಿತು. ಶೆರಿಫನ ಕಡೆಯ ಪೊಲೀಸಿನವನು ಇಳಿದು ಬಂದು, ಲೈಸೆನ್ಸ್ ನೋಡುವ ಮೊದಲು ಟ್ರಕ್ಕಿನ ಹಿಂಭಾಗದ ತಾಡಪಾಲು ಎತ್ತಿ ನೋಡಿದ.

"ಎಲ್ಲಿಗೆ ಬಿಟ್ಟೆ ಅವನ್ನ?"

"ಸಾರ್, ನನ್ನ ಹತ್ರ..."

"ಇನ್ನೂರು ಇದ್ವಂತೆ. ರಾತ್ರಿ ರಸ್ತೆಗೆ ಬಂದ್ರೆ? ಜಿಂಕೆ ಆದ್ರೆ ಕಾರಿಗೆ ಬಡಿಯುತ್ತೆ. ಇದು ಕಿಟಕಿಯೊಳಗೆ ಕತ್ತು ಹಾಕುತ್ತೆ." ವೇಗಕ್ಕೆ ದಂಡದ ಚೀಟಿ ಹರಿದು ಕೊಟ್ಟು, ಹೋಗುವಾಗ ಮತ್ತೆ ಬಗ್ಗಿದ. "ಒದ್ರೆ ಮನುಷ್ಯ ಸಾಯ್ತಾನಂತೆ, ಹೌದಾ?"

ಆ ದಿನ ಯಾರೂ ಲೆಲ್ಯಾಂಡನ ನಿರಾಕರಣೆಯನ್ನು ಅಲ್ಲಗಳೆಯಲಿಲ್ಲ. ಎಲ್ಲರೂ ಗೋಣು ಹಾಕಿ, ಪಾಪ ಎಂದು, ಆಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು. ಅದೇ ಅವನನ್ನು ಹಣ್ಣು ಮಾಡಿದ್ದು.

ನ್ಯಾಯಾಲಯದ ಗುಮಾಸ್ತೆ ಕೊರಳಿಗೆ ಸರಪಳಿ ಕಟ್ಟಿದ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ದಿವಾಳಿ ಆದೋರು ಇಲ್ಲಿಗೆ ಬಂದು ನಾನವನಲ್ಲ ಅನ್ನೋದು ನಮಗೇನು ಹೊಸದಲ್ಲ ಸ್ವಾಮಿ."

"ಫೈಲು ತೆಗೆದು ನೋಡಿ. ಅಷ್ಟೇ ಕೇಳ್ತಿರೋದು."

ಅವಳು ತೆಗೆದಳು, ನೋಡಿದಳು, ಅವನ ಕಾಗದಗಳನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದಳು. ಆ ಸೀಮೆಯಲ್ಲಿ ಕಣ್ಣುಮುಚ್ಚಿ ಕಲ್ಲೆಸೆದರೆ ಒಬ್ಬ ಹಾಗೆನ್‌ನಿಗೆ ತಾಗುತ್ತದೆ. ಈ ಇನ್ನೊಬ್ಬ ಲೆಲ್ಯಾಂಡ್ ಹಾಗೆನ್ ರಾಜ್ಯದ ದಕ್ಷಿಣದವನು, ವಯಸ್ಸಿನಲ್ಲಿ ಕಿರಿಯ. ಸರ್ಕಾರ ಕೊಟ್ಟ ಗುರುತಿನ ಸಂಖ್ಯೆಯಲ್ಲಿ ಕೊನೆಯ ಅಂಕಿ ಬೇರೆ. ರಿಪೋರ್ಟು ತಯಾರಿಸುವ ಕಂಪನಿಯಲ್ಲಿ ಯಾರೋ ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ್ದರು.

"ನಿಮ್ಮ ಮಾತು ನಿಜ," ಎಂದಳು. "ಈತ ನೀವಲ್ಲ. ನಿಮ್ಮ ಮುಖ ನೋಡಿದ್ರೇ ಹೇಳ್ಬಹುದಿತ್ತು. ಈತನಿಗೆ ಸ್ವಲ್ಪ ಧೈರ್ಯ ಇತ್ತು."

ಅವಳು ಪತ್ರ ಬರೆದು ಮೊಹರು ಒತ್ತಿದಳು. "ಇದನ್ನ ಕಂಪನಿಗೆ ಕಳಿಸಿ, ತಕರಾರು ಹಾಕಿ. ಒಂದು ತಿಂಗಳೊಳಗೆ ಸರಿ ಮಾಡ್ತಾರೆ. ಬ್ಯಾಂಕಿಗೆ ನಿಧಾನವಾಗಿ ತೋರಿಸಿದ್ರೂ..."

"ನಿಧಾನ ಇಲ್ಲ. ಈಗ್ಲೇ ಬ್ಯಾಂಕಿಗೆ ಫ್ಯಾಕ್ಸ್ ಮಾಡಿ. ನನ್ನ ಕಣ್ಣೆದುರಿಗೆ. ಆ ಡ್ಯಾರಿಲ್‌ನ ನಂಬಕ್ಕಾಗಲ್ಲ. ಅವನ ಮೇಲಿನವರಿಗೂ ಒಂದು ಕಳಿಸಿ."

"ನನ್ನ ಕೆಲಸ ಅದಲ್ಲ."

"ತಾಯಿ, ನಿಮ್ಮ ಕಾಲು ಹಿಡೀತೀನಿ."

ಅವನು ನಿಜಕ್ಕೂ ಬಗ್ಗಿದ್ದನ್ನು ಕಂಡು ಅವಳು ಕಳಿಸಿದಳು. ಯಂತ್ರ ಎರಡೂ ಪ್ರತಿಗಳನ್ನು ನುಂಗಿ ಕೀಚ್ ಎಂದಿತು. ಅವನು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದಳು, "ಅಂದಹಾಗೆ, ಹೊಳೆಯೋದು ಏನು ಕಂಡ್ರೂ ನುಂಗುತ್ತಂತಲ್ಲ, ನಿಜವಾ?"

ಸಂಜೆ ಅಗ್ನಿಶಾಮಕ ಠಾಣೆಯ ಮುಂದೆ ಟ್ರಕ್ಕುಗಳು ಸಾಲುಗಟ್ಟಿದ್ದವು. ಬೆಂಕಿಯ ಗಾಡಿಯನ್ನು ಹೊರಗೆ ನಿಲ್ಲಿಸಿ ಒಳಗೆ ಉದ್ದ ಮೇಜು ಹಾಕಿದ್ದರು. ಈಸ್ಟರ್ ಹಬ್ಬದ ಮುಂಚಿನ ಉಪವಾಸದ ವಾರಗಳ ಪ್ರತಿ ಶುಕ್ರವಾರದಂತೆ ಇಡೀ ಊರು ಕರಿದ ಮೀನು, ರೈ ಬ್ರೆಡ್ಡು, ಕೋಸಿನ ಸಲಾಡಿನ ಮುಂದೆ ಕೂತಿತ್ತು. ಬಾಗಿಲಲ್ಲಿ ಚಂದಾ ಹಾಕಲು ಉಪ್ಪಿನಕಾಯಿಯ ದೊಡ್ಡ ಖಾಲಿ ಜಾಡಿ. ಅದರ ಮೇಲೆ ಯಾರೋ ಉದ್ದ ಕತ್ತಿನ ಹಕ್ಕಿಯೊಂದರ ಚಿತ್ರ ಬರೆದು ಅಂಟಿಸಿದ್ದರು. ಹಕ್ಕಿ ಅಳುತ್ತಿತ್ತು.

ಲೆಲ್ಯಾಂಡ್ ಪತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದು ಒಳಗೆ ಬಂದ. "ನೋಡಿ! ಕೋರ್ಟಿನ ಮೊಹರು! ನಾನಲ್ಲ!"

ಲವಾನ್ ಪತ್ರವನ್ನು ದೀಪಕ್ಕೆ ಹಿಡಿದು, ಮೊಹರಿನ ಮೇಲೆ ಬೆರಳಾಡಿಸಿ, ಬೆರಳು ನೋಡಿಕೊಂಡಳು. "ಶಾಯಿ ಇನ್ನೂ ಹಸಿ ಇದೆ," ಎಂದಳು ಪಕ್ಕದವಳಿಗೆ. ಪಕ್ಕದವಳು ತಲೆದೂಗಿ ಜಾಡಿಗೆ ಒಂದು ಡಾಲರ್ ಹಾಕಿದಳು.

ಅವಳ ಕೈಯಿಂದ ಪತ್ರ ಕಿತ್ತುಕೊಂಡು ಅವನು ನೇರ ಬಾಣಲೆಯ ಬಳಿಗೆ ನಡೆದ. ಏಪ್ರನ್ ಕಟ್ಟಿದ ಡ್ಯಾರಿಲ್ ಕುದಿಯುವ ಎಣ್ಣೆಗೆ ಮೀನು ಬಿಡುತ್ತಿದ್ದ. ಅವನ ಬಲಕ್ಕೆ, ಎರಡು ಕುರ್ಚಿಯಾಚೆ, ಓರ್ವಿಲ್ ಮುದುಕ ಸಲಾಡು ಕೆರೆಯುತ್ತಿದ್ದ.

"ಫ್ಯಾಕ್ಸ್ ಬಂತಾ?" ಎಂದ ಲೆಲ್ಯಾಂಡ್, ಗೆದ್ದವನ ದನಿಯಲ್ಲಿ.

"ಬಂತು. ಮೇಲಿನವರಿಗೂ ಬಂತು." ಡ್ಯಾರಿಲ್ ಜಾಲರಿ ಸೌಟನ್ನು ಕೆಳಗಿಟ್ಟ. "ಯಾಕೋ ಹೀಗೆ ಮಾಡ್ಕೊಂಡೆ?"

"ಏನು?"

"ಬೆಳಿಗ್ಗೆ ಪೂರ್ತಿ ಕೇಳು ಅಂದೆ, ನೀನು ನಿಲ್ಲಲಿಲ್ಲ. ದಿವಾಳಿ ಹಳೇ ಕತೆ ಕಣೋ. ಅದಾದ್ಮೇಲೆ ಆ ಮನುಷ್ಯ ಟ್ರಾಕ್ಟರು, ಕಾರು, ಕ್ರೆಡಿಟ್ ಕಾರ್ಡು, ಎಲ್ಲದರ ಕಂತೂ ತಪ್ಪದೆ ಕಟ್ಟಿದಾನೆ. ಬಂಗಾರದಂಥ ಗಿರಾಕಿ. ಮಧ್ಯಾಹ್ನದೊಳಗೆ ನಿನ್ನ ಸಾಲ ಮಂಜೂರಾಯ್ತು. ಬಡ್ಡಿ ಒಂಚೂರು ಜಾಸ್ತಿ, ಅಷ್ಟೇ. ಹೇಳೋಣ ಅಂತ ಮನೆಗೆ ಎಷ್ಟು ಸಲ ಫೋನ್ ಮಾಡ್ದೆ ಗೊತ್ತಾ? ಬರೀ ಎಂಗೇಜ್."

ಬ್ರೆಡ್ಡಿನ ಡಬ್ಬಿಯ ಮೇಲೆ ಮಲಗಿದ ರಿಸೀವರು ಲೆಲ್ಯಾಂಡನ ಕಣ್ಣಮುಂದೆ ಬಂತು. "ಸರಿ," ಎಂದ ಮೆಲ್ಲಗೆ, "ಈಗ ದಿವಾಳೀನೂ ಇಲ್ವಲ್ಲ. ಇನ್ನೂ ಒಳ್ಳೇದೇ ಆಯ್ತಲ್ಲ?"

"ಈಗ ಏನೂ ಇಲ್ಲ. ಅವನದನ್ನೆಲ್ಲ ತೆಗೆದ್ರೆ ನಿನ್ನದು ಅಂತ ಉಳಿಯೋದೇನು? ಕಾರ್ಡಿಲ್ಲ, ಕಂತಿಲ್ಲ. ಜೀವಮಾನದಲ್ಲಿ ಒಂದು ಸಾಲ ತಗೊಂಡು ತೀರಿಸಿಲ್ಲ. ಆ ಕಂಪ್ಯೂಟರಿನ ಲೆಕ್ಕದಲ್ಲಿ ನೀನಿನ್ನೂ ಹುಟ್ಟೇ ಇಲ್ಲ ಕಣೋ. ಹುಟ್ಟದೇ ಇರೋನಿಗೆ ಯಾರು ಸಾಲ ಕೊಡ್ತಾರೆ? ಮಂಜೂರಾತಿ ವಾಪಸ್ ತಗೊಂಡ್ರು."

ಓರ್ವಿಲ್ ಬಾಯೊರೆಸಿಕೊಂಡ. "ಏನ್ ಹುಡುಗ, ಹೂಂನಾ ಊಹೂಂನಾ? ನನ್ನ ಸಲಾಡು ಮುಗೀತು."

ಲೆಲ್ಯಾಂಡನ ಮೂಗಿಗೆ, ಅಷ್ಟೊಂದು ಮೀನಿನ ನಡುವೆ, ಎಲ್ಲಿಂದಲೋ ಲ್ಯಾವೆಂಡರ್ ವಾಸನೆ ಬಡಿಯಿತು. ಅವನು ಕೈಯಲ್ಲಿದ್ದ ಪತ್ರವನ್ನು ನೋಡಿದ. ಮಡಿಸಿದ. ಇನ್ನೊಮ್ಮೆ ಮಡಿಸಿದ. ಆಮೇಲೆ ಅದನ್ನು ಬಾಣಲೆಗೆ ಬಿಟ್ಟ. ಕೋರ್ಟಿನ ಮೊಹರು ಒಂದು ಸಲ ಉಬ್ಬಿ, ಹೊಂಬಣ್ಣಕ್ಕೆ ತಿರುಗಿತು.

"ಡ್ಯಾರಿಲ್," ಎಂದ ಇಡೀ ಸಭೆಗೆ ಕೇಳುವಂತೆ, "ಆ ಉಷ್ಟ್ರಪಕ್ಷಿಗಳು ನಂದೇ."

ಫೋರ್ಕುಗಳು ನಿಂತವು. ಬಾಗಿಲ ಬಳಿ ಜಾಡಿಯೊಳಗೆ ಒಂದು ನಾಣ್ಯ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ಡ್ಯಾರಿಲ್ ಕಣ್ಣು ಕಿರಿದು ಮಾಡಿ ಅವನನ್ನು ಅಳೆದ. ಫ್ಯಾಕ್ಸ್ ಓದಿದ್ದರಿಂದ, ದಿನವಿಡೀ ಊರಿಗೆ ಊರೇ ನಂಬಿದ್ದನ್ನು ಈಗ ನಂಬದವನು ಅವನೊಬ್ಬನೇ ಆಗಿದ್ದ. "ಹೌದಾ? ಹಾಗಾದ್ರೆ ಹೇಳು. ಅದರ ಮೊಟ್ಟೆ ಒಡೆದು ಮರಿ ಆಗೋಕೆ ಎಷ್ಟು ದಿನ ಬೇಕು?"

ಲೆಲ್ಯಾಂಡ್ ಬಾಯಿ ತೆರೆದ. ಬೆಳಿಗ್ಗೆಯಿಂದ ಎಷ್ಟೊಂದು ಜನ ಎಷ್ಟೊಂದು ಕೇಳಿದ್ದರು. ಒಂದಕ್ಕಾದರೂ ಉತ್ತರ ತಿಳಿದುಕೊಳ್ಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಮರಿಮೀನು ಎಷ್ಟು ದಿನಕ್ಕೆ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದ. ಓರ್ವಿಲ್ ಮುದುಕ ಮಂಡಿ ಹಿಡಿದುಕೊಂಡು ಎದ್ದು, ಚಿಕಾಗೋದ ನಂಬರು ಬರೆದ ಚೀಟಿಗಾಗಿ ಜೇಬು ತಡಕುತ್ತ, ಗೋಡೆಯ ಫೋನಿನ ಕಡೆಗೆ ಹೊರಟ.

ಆಗ ಸೇಬಿನ ಪೈ ಹಿಡಿದು ಹಿಂದೆ ನಿಂತಿದ್ದ ಆರ್ಡಿಸ್ ಡ್ಯಾರಿಲ್‌ಗೆ ಹೇಳಿದಳು:

"ಅವನನ್ನ ಕೇಳಿ ಏನು ಪ್ರಯೋಜನ? ಗೊತ್ತಿದ್ರೂ ಬಾಯಿ ಬಿಡಲ್ಲ. ಮನೇಲೂ ಹೀಗೇ."