ಬಗೀಚೆಯಲ್ಲಿ ನೆಟ್ಟ ಬಾವುಟ

ನಮ್ಮ ಓಣಿಯ ಬಗೀಚೆಯನ್ನು ಉದ್ಧಾರ ಮಾಡಲು ದೇವರು ನನ್ನನ್ನೇ ಆರಿಸಿದ್ದಾನೆಂದು ನನಗೆ ಆಗ ಪೂರ್ತಿ ನಂಬಿಕೆಯಿತ್ತು. ನಾನು ಬೀದರಿನ ಸಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಕಾಗದದ ಮೇಲೆ ಗೆರೆ ಎಳೆಯುವವನಿಗೆ ನೆಲದ ಮೇಲೆ ಕಾಲುವೆ ತೋಡುವುದು ಯಾವ ಮಹಾ ಕೆಲಸ! ಮಳೆಗಾಲದಲ್ಲಿ ಬಗೀಚೆಯ ತುಂಬ ನೀರು ನಿಂತು, ಪಕ್ಕದ ಗಡಿಯಾರ ರಿಪೇರಿಯ ಇಸ್ಮಾಯಿಲ್ ಸಾಹೇಬರ ಮನೆ ಹೊಕ್ಕು, ಆಮೇಲೆ ನಮ್ಮ ಮನೆಗೂ ಬರುತ್ತಿತ್ತು. ಈ ಸಲ ಬರಗೊಡುವುದಿಲ್ಲವೆಂದು ಓಣಿಗೆಲ್ಲ ಸಾರಿದೆ.

ಮೊದಲು ಏರುತಗ್ಗು ಗುರುತಿಸಬೇಕಲ್ಲ? ಕೋಲುಗಳಿಗೆ ಬಟ್ಟೆಯ ಚೂರು ಕಟ್ಟಿ ನೆಟ್ಟೆ. ತಗ್ಗಿಗೆ ಹೆಂಡತಿ ಗುರಮ್ಮನ ಹಳೆಯ ಹಸಿರು ಸೀರೆ. ನಡುಮಟ್ಟಕ್ಕೆ ನನ್ನ ಬಿಳಿ ಧೋತರ. ಎತ್ತರಕ್ಕೆ ಭಾಲ್ಕಿಯ ಮಾವನವರು ಮರೆತುಹೋಗಿದ್ದ ಕೇಸರಿ ರುಮಾಲು. ಗಾಳಿಗೆ ಎಲ್ಲವೂ ಪಟಪಟ ಹಾರಾಡಿದವು. ಏನು ಚಂದ!

ಇಸ್ಮಾಯಿಲ್ ಸಾಹೇಬರು ಕಿಟಕಿಯಿಂದ ನೋಡಿದವರೇ ಬರಿಗಾಲಲ್ಲಿ ಓಡಿ ಬಂದರು.

"ಮಾಸ್ತರ್, ಜೀವ ಬ್ಯಾಡಾಗ್ಯಾದೇನ್ರಿ ನಿಮಗ?"

"ಯಾಕ್ರಿ? ಏರುತಗ್ಗು ನೋಡ್ಲತ್ತೀನಿ."

"ಮ್ಯಾಲ ಕೇಸರಿ, ನಡುವ ಬಿಳಿ, ಕೆಳಗ ಹಸಿರ. ಸ್ವಲ್ಪ ದೂರ ನಿಂತ್ ನೋಡ್ರಿ!"

ದೂರ ನಿಂತು ನೋಡಿದೆ. ಹಿಂದೂಸ್ತಾನದ ಬಾವುಟ ಕಿಸೆಯಲ್ಲಿ ಸಿಕ್ಕರೂ ಹಿಡಿದೊಯ್ಯುತ್ತಿದ್ದ ದಿನಗಳವು. ನಿಜಾಮರ ರಾಜ್ಯದಲ್ಲಿ ನಾನು ಅದನ್ನು ಇಡೀ ಬಗೀಚೆಯಷ್ಟು ಅಗಲ ಹಾಸಿಬಿಟ್ಟಿದ್ದೆ! ಆಚೆಯ ಬಯಲಿನಲ್ಲಿ ನಿಜಾಮರ ಕಡೆಯ ಖಾಕಿ ಅಂಗಿಯವರು ಬಂದೂಕು ಹಿಡಿದು ಕವಾಯತು ಮಾಡುತ್ತಿದ್ದರು. ಠಾಣೆಗೆ ಕರೆದೊಯ್ದಿದ್ದ ನಮ್ಮ ಓಣಿಯ ಕಿರಾಣಿ ಅಂಗಡಿಯವನು ಇನ್ನೂ ಮನೆಗೆ ಬಂದಿರಲಿಲ್ಲ.

ಆಗ ನನ್ನ ಬುದ್ಧಿ ಚುರುಕಾಯಿತು. ನಿಜಾಮ ಹುಜೂರರ ಬಾವುಟ ಹಳದಿ. ಹಳದಿಯನ್ನು ಮುಟ್ಟುವ ಧೈರ್ಯ ಯಾರಿಗಿದೆ? ಇನ್ನೊಂದು ಧೋತರ ಹರಿದು ಅರಿಶಿಣದ ನೀರಿನಲ್ಲಿ ಅದ್ದಿದೆ.

"ಇದ್ದ ಅರಿಶಿಣೆಲ್ಲ ಬಗೀಚಿಗಿ ಹಾಕಿದ್ರ ಸಾರಿಗಿ ಏನ್ ಹಾಕ್ಲಿರಿ?" ಎಂದಳು ಗುರಮ್ಮ.

"ಸಾರಿಗಿಂತ ನನ್ನ ಕುತ್ತಿಗಿ ದೊಡ್ಡದದ!"

ಈಗ ಎಲ್ಲ ಕೋಲಿಗೂ ಒಂದೇ ಬಣ್ಣ. ಯಾವುದು ಏರು, ಯಾವುದು ತಗ್ಗು ಎಂಬುದು ನನ್ನ ತಲೆಯಲ್ಲಿ ಭದ್ರವಾಗಿತ್ತು. ಆ ಸಂಜೆ ಖಾಕಿ ಅಂಗಿಯವನೊಬ್ಬ ಹಳದಿ ಬಾವುಟಗಳಿಗೆ ಸಲಾಮು ಹೊಡೆದು ಹೋದ. ನಾನೂ ಹೊಡೆದೆ.

ನಾನು ಕಾಲುವೆ ತೋಡುವ ಮೊದಲೇ ಮಳೆ ಸುರಿದು ಬಗೀಚೆಯಲ್ಲಿ ನೀರು ನಿಂತಿತು. ಕೆಲವೇ ದಿನಗಳಲ್ಲಿ ತಲೆಯ ಮೇಲೆ ವಿಮಾನ ಹಾರಿತು. ಹಿಂದೂಸ್ತಾನದ ಫೌಜು ಹುಮನಾಬಾದ ದಾಟಿತಂತೆ ಎಂದು ಸುದ್ದಿ ಬಂತು. ಖಾಕಿ ಅಂಗಿಯವರು ಎಲ್ಲಿ ಮಾಯವಾದರೋ! ಅಷ್ಟು ದಿನ ನಮ್ಮ ಮನೆಯಲ್ಲಿದ್ದ ಹೆದರಿಕೆ ಪಕ್ಕದ ಮನೆಗೆ ಹೋಯಿತು. ಇಸ್ಮಾಯಿಲ್ ಸಾಹೇಬರು ಹೆಂಡತಿಯೊಡನೆ ಒಂದು ಗಂಟು ಹಿಡಿದು ನಮ್ಮ ಬಾಗಿಲಲ್ಲಿ ನಿಂತರು. ಮುಖ ಬಿಳುಚಿತ್ತು.

"ಎಲ್ಲಾ ಶಾಂತ ಆಗೋತನ ನಿಮ್ಮ ಮನ್ಯಾಗ ಇರ್ಲೇನ್ರಿ, ಮಾಸ್ತರ್?"

"ಇದೇನ್ ಕೇಳೋ ಮಾತೇನ್ರಿ? ಒಳಗ ಬರ್ರಿ," ಎಂದು ಗುರಮ್ಮ ಇಬ್ಬರನ್ನೂ ಅಡುಗೆಮನೆಗೆ ಕರೆದೊಯ್ದಳು. ತಿರುಗಿ ಬಂದು ನನ್ನ ಮೇಲೆ ಹರಿಹಾಯ್ದಳು. "ಅವರನ್ನ ಒಳಗ ಮುಚ್ಚಿಟ್ಟು, ಹೊರಗ ನಿಜಾಮರ ಬಾವುಟ ಹಾರಿಸ್ತೀರೇನ್ರಿ? ಮೊದಲ ಗುಂಡು ನಮ್ಮ ಮನಿಗೇ ಬರ್ತದ!"

ಅವಳು ಹೇಳಿದ್ದು ಖರೆ. ನನ್ನ ಬಾವುಟಗಳಿಂದ ಈಗ ಎರಡು ಸಂಸಾರಗಳ ಜೀವ ಹೋಗುವ ಹಾಗಿತ್ತು. ಓಡಿ ಹೋಗಿ ಎಲ್ಲವನ್ನೂ ಬಿಚ್ಚಿ ತಂದೆ. ಒಗೆದು ಬಿಳಿ ಮಾಡಿ ಕಟ್ಟಿದರೆ ಇಲ್ಲಿ ಜಗಳವಿಲ್ಲವೆಂದು ಫೌಜಿನವರಿಗೆ ತಿಳಿಯುತ್ತದಲ್ಲ! ಕಣ್ಣು ರಸ್ತೆಯ ಮೇಲಿಟ್ಟು ಗಸಗಸ ಸಾಬೂನು ತಿಕ್ಕಿದೆ.

ಗುರಮ್ಮ ಚೀರಿದಳು. "ಅರಿಶಿಣಕ್ಕ ಸಾಬೂನ ಹಚ್ತಾರೇನ್ರಿ!"

ಬಕೆಟಿನತ್ತ ನೋಡಿದೆ. ಕೆಂಪು! ಔರಾದಿನ ಆಚೆ ತೆಲಂಗಾಣದಲ್ಲಿ ಕೆಂಪು ಬಾವುಟದವರ ಗದ್ದಲವಿತ್ತು. ನಿಜಾಮರಿಗೂ ಆಗದ, ಹಿಂದೂಸ್ತಾನಕ್ಕೂ ಆಗದ ಬಣ್ಣ ಅದೊಂದೇ. ನಾನು ಅದನ್ನೇ ಶ್ರದ್ಧೆಯಿಂದ ತಯಾರಿಸಿದ್ದೆ! ಮನೆಯಲ್ಲಿ ಉಳಿದ ಬಿಳಿ ಬಟ್ಟೆಯೆಂದರೆ ನಾನು ಉಟ್ಟ ಧೋತರ ಮಾತ್ರ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಲಾರಿ ಗುಡುಗಿತು. ಚಿಂದಿಗಳನ್ನೆಲ್ಲ ಬಗೀಚೆಯ ನೀರಿಗೆ ಎಸೆದು, ಕೆಸರಿನಲ್ಲೇ ನಿಂತು ಎರಡೂ ಕೈ ಮೇಲೆತ್ತಿದೆ. ಲಾರಿಯಿಂದಿಳಿದ ಅಧಿಕಾರಿ ಹಿಂದಿಯಲ್ಲಿ ಕೇಳಿದ್ದು ಇಷ್ಟೇ: ಲಾರಿ ನಿಲ್ಲಿಸಲು ಇಲ್ಲಿ ಗಟ್ಟಿ ನೆಲ ಯಾವುದು?

ಕೋಲುಗಳೆಲ್ಲ ಬೋಳಾಗಿದ್ದವು. ತಲೆಯಲ್ಲಿ ಭದ್ರವಾಗಿದ್ದ ಏರುತಗ್ಗು ಹೆದರಿಕೆಗೆ ಅಳಿಸಿಹೋಗಿತ್ತು. ಕೈ ಇಳಿಸಿದರೆ ಗುಂಡು ಹಾರಿಸಿಬಿಟ್ಟರೆ? ಗದ್ದ ಎತ್ತಿ ಒಂದು ಕಡೆ ತೋರಿಸಿದೆ. ಲಾರಿ ಅಲ್ಲಿಗೇ ಹೋಯಿತು. ಗಾಲಿ ಪೂರ್ತಿ ಮುಳುಗಿತು!

ನನ್ನ ಕಥೆ ಮುಗಿಯಿತೆಂದು ಕಣ್ಣು ಮುಚ್ಚಿದೆ. ಕಣ್ಣು ತೆರೆದರೆ ಇಸ್ಮಾಯಿಲ್ ಸಾಹೇಬರು! ನಮ್ಮ ಅಡುಗೆಮನೆಯಿಂದ ಹೊರಬಂದು, ತಮ್ಮ ಮನೆಯ ಹಲಗೆಗಳನ್ನು ಹೊತ್ತು ತಂದು ಗಾಲಿಯ ಕೆಳಗೆ ಇಡುತ್ತಿದ್ದರು. ಅವರಿಗೇನಾದರೂ ಆದೀತೆಂದು ಹೆದರಿದೆ. ಸಿಪಾಯಿಗಳು ಅವರ ಪಕ್ಕದಲ್ಲೇ ಹೆಗಲು ಕೊಟ್ಟು ನೂಕಿದರು. ಲಾರಿ ಕೆಸರು ಸೀಳಿಕೊಂಡು ರಸ್ತೆಯ ಮೋರಿಯತನಕ ಹೋಗಿ ಮೇಲೆದ್ದಿತು. ಗಾಲಿ ಕೊರೆದ ಆಳದ ಜಾಡಿನಲ್ಲಿ ಬಗೀಚೆಯ ನೀರೆಲ್ಲ ಬುಳುಬುಳು ಹರಿದು ಮೋರಿ ಸೇರಿತು. ನನ್ನ ಕಾಲುವೆ ತಯಾರಾಗಿತ್ತು! ಅಧಿಕಾರಿ ಇಸ್ಮಾಯಿಲ್ ಸಾಹೇಬರ ಬೆನ್ನು ತಟ್ಟಿ ಲಾರಿ ಹತ್ತಿದ.

ಸಾಹೇಬರು ಕೆಸರಾದ ಕೈ ತೊಳೆದುಕೊಂಡು ಚಹಾ ಕುಡಿಯುತ್ತ ಕೂತರು. ಗುರಮ್ಮ ನನ್ನ ಹತ್ತಿರ ಬಂದಳು.

"ಇನ್ನಾರ ಕೈ ಇಳಸ್ರಿ. ಅವರು ಹೋಗಿ ಎಷ್ಟೊತ್ತಾತು!"

ಇಳಿಸಿದೆ. ಮೊದಲು ಒಂದೇ ಕೈ.