ಅರಳದ ಪದ್ಮಾಸನ

ಇನ್ನು ನಲವತ್ತೆಂಟೇ ದಿನಗಳಲ್ಲಿ ಹಗರಿಬೊಮ್ಮನಹಳ್ಳಿಯ ಜನ ಹೊಸ ಹುಲುಗೇಶನನ್ನು ನೋಡುತ್ತಾರೆ ಎಂದು ತಾಲ್ಲೂಕು ಕಚೇರಿಯ ಗುಮಾಸ್ತ ಹುಲುಗೇಶ್ ಹೆಂಡತಿ ರಮಾಳಿಗೆ ಘೋಷಿಸಿದ. ಹಳೆಯ ಹುಲುಗೇಶನ ಮೇಲೆ ಊರಿನವರಿಗೆ ಯಾವ ತಕರಾರೂ ಇರಲಿಲ್ಲ. ಮೊಬೈಲಿನಲ್ಲಿ ದಿನಾ ಪ್ರತ್ಯಕ್ಷನಾಗುತ್ತಿದ್ದ ಒಬ್ಬ ಗುರುವಿಗೆ ಮಾತ್ರ ಇತ್ತು.

ಚಹಾ ಹೋಯಿತು, ಸಕ್ಕರೆ ಹೋಯಿತು, ಕರಿದ ತಿಂಡಿ ಹೋಯಿತು, ಭಾನುವಾರ ಮಧ್ಯಾಹ್ನದ ನಿದ್ದೆಯೂ ಹೋಯಿತು. ದಿನಕ್ಕೆ ಐದರಂತೆ ತನ್ನ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಎರಡನೇ ವಾರಕ್ಕೆ ತನ್ನವು ಮುಗಿದುಹೋಗಿ ರಮಾಳ ತಪ್ಪುಗಳನ್ನು ಬರೆಯತೊಡಗಿದ. ನೀನು ನಕ್ಕರೆ ಪಕ್ಕದ ಓಣಿಗೆ ಕೇಳುತ್ತದೆ, ಸ್ವಲ್ಪ ತಗ್ಗಿಸಿಕೊಂಡರೆ ವ್ಯಕ್ತಿತ್ವ ಬೆಳಗುತ್ತದೆ ಎಂದು ಉಪದೇಶಿಸಿದ. ರಮಾ ತಗ್ಗಿಸಿದಳು. ಎಷ್ಟೆಂದರೆ, ಮನೆಯಲ್ಲಿ ಫ್ರಿಜ್ಜಿನ ಗುಂಯ್ ಬಿಟ್ಟು ಬೇರೆ ಸದ್ದೇ ಉಳಿಯಲಿಲ್ಲ. ಅದನ್ನೂ ಹುಲುಗೇಶ್ ಪ್ರಗತಿಯೆಂದೇ ತಿಳಿದ.

ಮೂವತ್ತೊಂದನೇ ದಿನ, ಭಾನುವಾರ ಬೆಳಿಗ್ಗೆ, ಪದ್ಮಾಸನ. ಯಾರೂ ಅಡ್ಡಿ ಮಾಡದಿರಲಿ ಎಂದು ಮುಂದಿನ ಕೋಣೆಯ ಬಾಗಿಲಿಗೆ ಮೇಲಿನ ಚಿಲಕ ಹಾಕಿ ಕುಳಿತ. ಬಲಗಾಲನ್ನು ಎಳೆದು ಎಡತೊಡೆಯ ಮೇಲಿಟ್ಟ. ಎಡಗಾಲನ್ನು ಇನ್ನೂ ಜೋರಾಗಿ ಎಳೆದು ಬಲತೊಡೆಯ ಮೇಲೆ ಹೂಡಿದ. ಪದ್ಮವೇನೋ ಆಯಿತು, ಆಮೇಲೆ ಅರಳಲಿಲ್ಲ! ಮಂಡಿ ಹಿಡಿದುಕೊಂಡಿತು. ಬಿಡಿಸಲು ಹೋಗಿ ಮಗುಚಿ ಬಿದ್ದವನು ಕೈಜಾರಿದ ತಂಬಿಗೆಯಂತೆ ಉರುಳಿ, ಕಿಟಕಿಯ ಕೆಳಗಿನ ಗೋಡೆಗೆ ಆತುಕೊಂಡು ಹೆಂಡತಿಯನ್ನು ಕೂಗಿದ.

ರಮಾ ಹೊರಗಿನಿಂದ ಬಂದು ಕಿಟಕಿಯಲ್ಲಿ ಇಣುಕಿದಳು. ಬಾಗಿಲು ಮೀಟದೆ ಒಳಗೆ ಹೋಗುವ ದಾರಿಯಿರಲಿಲ್ಲ. ಬಡಗಿ ದುರುಗೇಶನಿಗೆ ಫೋನು ಮಾಡಿ ಸಂಗತಿ ಹೇಳಿದರೆ, ಹಂಪಸಾಗರದಲ್ಲಿದ್ದೇನೆ, ಬರಲು ಒಂದು ತಾಸು ಬೇಕು ಎಂದ. ಸರಿ, ಆಕೆ ಅಂಗಳದ ಕುರ್ಚಿ ಎಳೆದುಕೊಂಡು ಕಿಟಕಿಯಾಚೆ ಕುಳಿತು, ಆಗಷ್ಟೇ ಹೋಟೆಲಿನಿಂದ ತಂದಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯ ಪೊಟ್ಟಣ ಬಿಚ್ಚಿದಳು. ಬಿಸಿ ಮಿರ್ಚಿಯ ಘಮ ಸರಳುಗಳ ನಡುವೆ ಇಳಿದು ಸಾಧಕನ ಮೂಗಿಗೆ ಹೊಡೆಯಿತು.

"ರಮಾ, ಒಂದು ಕೊಡು."

"ಇನ್ನಾ ಹದಿನೇಳು ದಿನ ಅದಾವಲ್ರಿ."

"ಕಟ್ಟುಬಿದ್ದಿರಾದು ಕಾಲು. ಬಾಯಿ ಅಲ್ಲ."

ರಮಾ ತಡೆಯಲು ನೋಡಿದಳು, ಆಗಲಿಲ್ಲ. ಬಸ್ ಸ್ಟ್ಯಾಂಡಿಗೇ ಕೇಳುವಂತೆ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಯಿತೆಂದು ಎಣಿಸಲು ಹೋಗಿ ಹುಲುಗೇಶನಿಗೆ ನಾಚಿಕೆಯಾಯಿತು. ಸರಳಿನ ಸಂದಿಯಿಂದ ಮಿರ್ಚಿ ಒಂದೊಂದಾಗಿ ಇಳಿದವು, ಒಗ್ಗರಣೆ ಬೊಗಸೆಗೆ ಬಿತ್ತು. ಸಭೆಯಲ್ಲಿ ಸಾಹೇಬರು ಆಕಳಿಕೆ ನುಂಗುವ ಬಗೆಯನ್ನು ಅವನು ಮಾಡಿ ತೋರಿಸಿದ. ತನ್ನ ತಂಗಿಯ ಮದುವೆಯಲ್ಲಿ ಅವನು ಯಾರದೋ ಚಪ್ಪಲಿ ಮೆಟ್ಟಿಕೊಂಡು ಕೂಡ್ಲಿಗಿತನಕ ಹೋಗಿದ್ದನ್ನು ಅವಳು ಎತ್ತಿದಳು. ಇಬ್ಬರಿಗೂ ಕಣ್ಣಲ್ಲಿ ನೀರು ಬಂತು. ಅರ್ಧ ನಗುವಿಗೆ, ಅರ್ಧ ಖಾರಕ್ಕೆ.

ಅಷ್ಟರಲ್ಲಿ ದುರುಗೇಶ್ ಉಳಿ, ಸುತ್ತಿಗೆ ಹಿಡಿದು ಬಂದು ಬಾಗಿಲು ಬಡಿದ. ಇನ್ನೂ ಎರಡು ಮಿರ್ಚಿ ಉಳಿದಿವೆ, ಸ್ವಲ್ಪ ತಡಿ ಎಂದು ಒಳಗಿನಿಂದ ಅಪ್ಪಣೆಯಾಯಿತು. ಬಡಗಿ ಅನುಮಾನಗೊಂಡು ಕಿಟಕಿಗೆ ಬಂದು ನೋಡಿದ.

"ಸಾರ್, ಕಾಲು ಬಿಟ್ಕೊಂಡಾವಲ್ರಿ. ನೀವಾ ಎದ್ದು ಚಿಲಕ ತೆಗೀರಿ."

ಹುಲುಗೇಶ್ ಕೆಳಗೆ ನೋಡಿಕೊಂಡ. ಎರಡೂ ಕಾಲು ಸುಖವಾಗಿ ಚಾಚಿಕೊಂಡಿದ್ದವು. ಒಂದರ ಹೆಬ್ಬೆರಳು ತಾಳ ಬೇರೆ ಹಾಕುತ್ತಿತ್ತು. ಇದೆಲ್ಲ ಯಾವಾಗ ಆಯಿತೆಂದು ತಿಳಿಯದೆ ಹೆಂಡತಿಯ ಮುಖ ನೋಡಿದ.

"ಮೂರನೇ ಮಿರ್ಚಿಗೇ ಬಿಟ್ಟಿದ್ವು," ಎಂದಳು ರಮಾ ಬೆರಳು ನೆಕ್ಕುತ್ತಾ. "ಹೇಳಿದ್ರ ಎದ್ದು ಇನ್ನೊಂದು ಆಸನ ಹಾಕ್ತಿದ್ರಿ."