ಗೋಡೆಯ ಕುತ್ತಿಗೆ

ಎಲ್ಲಕ್ಕೂ ಕಾರಣ ಒಂದು ಸೀನು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಸೋಪಿನ ನೊರೆ ಮೂಗಿಗೆ ಹೊಕ್ಕಿತು. ಬ್ಲೇಡು ಕೆನ್ನೆಗೆ ತಗಲೀತೆಂದು ಅವನು ಸೀನನ್ನು ಅರ್ಧಕ್ಕೇ ತಡೆದ. ಉಳಿದರ್ಧ ಹೊರಗೆ ದಾರಿ ಕಾಣದೆ ಕುತ್ತಿಗೆಗೆ ಇಳಿದು ಅಲ್ಲೇ ಕೂತುಬಿಟ್ಟಿತು. ‘ಕಟಕ್’ ಎಂದದ್ದು ಅಡುಗೆಮನೆಯಲ್ಲಿದ್ದ ಹೆಂಡತಿಗೂ ಕೇಳಿಸಿತು.

“ಏನ್ರೀ ಒಡೀತು?”

“ನಾನೇ ಕಣೇ,” ಎಂದ ಅವನು ಕನ್ನಡಿಯನ್ನೇ ನೋಡುತ್ತ. ಅಡುಗೆಮನೆಯಿದ್ದ ಎಡಗಡೆಗೆ ಕುತ್ತಿಗೆ ತಿರುಗುತ್ತಲೂ ಇರಲಿಲ್ಲ.

ಬೇರೆ ಯಾರಿಗಾದರೂ ಆಗಿದ್ದರೆ ರಜೆ ಹಾಕಿ ಮಲಗುತ್ತಿದ್ದರು. ಇವನು ಫುಟ್‌ಬಾಲ್ ಆಟಗಾರ. ಆಡಿದರೆ ಸಂಬಳ ಉಂಟು, ಇಲ್ಲದಿದ್ದರೆ ಇಲ್ಲ. ಗೋಲಿನ ಮುಂದೆ ಅಡ್ಡ ನಿಲ್ಲುವುದು ಇವನ ಕೆಲಸವಾದ್ದರಿಂದ ಊರೆಲ್ಲ ಇವನನ್ನು ‘ಗೋಡೆ’ ಎನ್ನುತ್ತಿತ್ತು. ಒಂದು ಕಾಲದಲ್ಲಿ ಎದುರಾಳಿಗಳು ಈ ಗೋಡೆಗೆ ಡಿಕ್ಕಿ ಹೊಡೆದು ಬೀಳುತ್ತಿದ್ದರು. ಈಚೆಗೆ ಪಕ್ಕದಿಂದ ಸುತ್ತಿಕೊಂಡು ಆರಾಮಾಗಿ ಹೋಗುತ್ತಿದ್ದರು. ವಯಸ್ಸು ಮೂವತ್ತಾರು. ಬೇರೆ ಕಸುಬಿನಲ್ಲಿ ಅದು ತರುಣನ ವಯಸ್ಸು, ಈ ಕಸುಬಿನಲ್ಲಿ ತಾತನದು.

ಸಾಲದ್ದಕ್ಕೆ ಹಿಂದಿನ ದಿನ ಅಭ್ಯಾಸ ಮುಗಿಸಿ ಹೊರಡುವಾಗ ಕೋಚ್ ಭುಜದ ಮೇಲೆ ಕೈಯಿಟ್ಟು, “ನಾಳೆ ಪಂದ್ಯ ಮುಗಿದ ಮೇಲೆ ನನ್ನ ರೂಮಿಗೆ ಬಾ. ಸ್ವಲ್ಪ ಮಾತಾಡೋದಿದೆ,” ಎಂದಿದ್ದ. ಹೀಗೇ ಭುಜದ ಮೇಲೆ ಕೈ ಇಡಿಸಿಕೊಂಡಿದ್ದ ಹಳೆಯ ಗೋಲ್‌ಕೀಪರ್ ಈಗ ಟೈರು ಮಾರುತ್ತಿದ್ದ. ಗೋಡೆಗೆ ಆಗಿನಿಂದ ಎಲ್ಲಿ ನೋಡಿದರೂ ಟೈರೇ ಕಾಣುತ್ತಿತ್ತು.

“ಕುತ್ತಿಗೆ ಹಿಡಿದಿದೆ ಅಂತ ಹೇಳಿಬಿಡಿ. ಮನುಷ್ಯರಲ್ವಾ ಅವರೂ?” ಎಂದಳು ಹೆಂಡತಿ.

“ಹೇಳಿದ್ರೆ ಇವತ್ತಿಗೇ ಕಥೆ ಮುಗೀತು. ಚೆನ್ನಾಗಿ ಆಡಿದ್ರೆ ಕೋಚ್ ಮನಸ್ಸು ಬದಲಾಯಿಸಬಹುದು. ಯಾರಿಗೂ ಬಾಯಿ ಬಿಡಬೇಡ.”

ಅವಳು ಯಾರಿಗೂ ಹೇಳಲಿಲ್ಲ. ಕೆಳಗಿನ ಮನೆಯ ಟೈಲರನ ಹತ್ತಿರ ನೋವಿನ ಮುಲಾಮು ಇದೆಯಾ ಎಂದು ಕೇಳಿದಳು, ಅಷ್ಟೆ. ಮುಲಾಮಿನ ಹಿಂದೆಯೇ ಟೈಲರು ಬಂದ. ಟೈಲರನ ಹಿಂದೆ ಎದುರುಮನೆಯ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬಂದರು.

“ನರ ಮಡಚಿಕೊಂಡಿದೆ,” ಎಂದರು ಮೇಷ್ಟ್ರು, ಕುತ್ತಿಗೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ. “ಜಾಡಿಸಿ ಎಳೆದ್ರೆ ಬಿಟ್ಕೊಳ್ಳುತ್ತೆ.”

“ಎಳೀಬಾರದು ಸಾರ್! ಮಡಿಕೆ ಬಿದ್ದಿದ್ದಕ್ಕೆ ಶಾಖ ಕೊಡ್ಬೇಕು. ನಮ್ಮ ಕಸುಬಲ್ಲಿ ದಿನಾ ಮಾಡ್ತೀವಿ,” ಎಂದು ಟೈಲರು ಓಡಿಹೋಗಿ ಇಸ್ತ್ರಿಪೆಟ್ಟಿಗೆಯನ್ನೇ ಹಿಡಿದುಕೊಂಡು ಬಂದ.

“ಅಯ್ಯೋ, ಬೇಡ ಮಾರಾಯ!” ಎಂದ ಗೋಡೆ.

ಒದ್ದೆ ಬಟ್ಟೆ ಹಾಸಿ ಟೈಲರು ಒಂದು ಕಡೆಯಿಂದ ಇಸ್ತ್ರಿ ಒತ್ತಿದ; ಅದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಮೇಷ್ಟ್ರು ಜಾಡಿಸಿ ಎಳೆದರು. ಗೋಡೆ ಹಾಕಿದ ಕೂಗಿಗೆ ಬೀದಿಯ ನಾಯಿಗಳು ಎದ್ದು ನಿಂತವು. ಅದುವರೆಗೆ ಎಡಕ್ಕೆ ಮಾತ್ರ ತಿರುಗದಿದ್ದ ಕುತ್ತಿಗೆ ಈಗ ಬಲಕ್ಕೂ ತಿರುಗದಾಯಿತು.

“ನೋಡಿ, ಎರಡೂ ಕಡೆ ಸಮ ಆಯ್ತು,” ಎಂದರು ಮೇಷ್ಟ್ರು ಸಮಾಧಾನದಿಂದ.

ಆಟಗಾರರ ಬಸ್ಸಿನಲ್ಲಿ ಅವನು ಕೋಲು ನುಂಗಿದವನಂತೆ ಕೂತ. ಮುಲಾಮಿನ ಘಾಟಿಗೆ ಮುಂದಿನ ಸೀಟಿನವರೆಲ್ಲ ಮೂಗು ಮುಚ್ಚಿಕೊಂಡರು.

“ಯಾರಪ್ಪಾ ಇಲ್ಲಿ ಔಷಧಿ ಅಂಗಡಿ ತೆಗ್ದಿರೋದು?”

ಪುಣ್ಯಕ್ಕೆ ಪಕ್ಕದಲ್ಲಿದ್ದ ಜೊತೆಗಾರ ‘ಕೊಕ್ಕರೆ’ ತಲೆ ಕೆರೆದುಕೊಂಡು, “ನನ್ನ ಮಂಡೀದೇ ಇರ್ಬೇಕು ಕಣ್ರೋ,” ಎಂದ. ಕೊಕ್ಕರೆ ಇವನದೇ ವಾರಿಗೆಯವನು, ಉದ್ದ ಕಾಲಿನವನು. ಮಂಡಿ ಕೆಟ್ಟು ಬೆಂಚಿನ ಮೇಲೆ ಕೂರುವುದೇ ಅವನ ಆಟವಾಗಿತ್ತು. ‘ಪಾಪ, ಇವನ ಗತಿಯೇ ನನಗೂ,’ ಎಂದುಕೊಂಡ ಗೋಡೆ.

ಅಷ್ಟರಲ್ಲಿ ಕೋಚ್ ಬಂದು ಎಡಗಡೆ ನಿಂತ. “ಏನು ಗೋಡೆ, ತಯಾರಾ?”

“ತಯಾರು ಸಾರ್,” ಎಂದ ಇವನು ಮುಂದಿನ ಸೀಟಿನ ಬೆನ್ನಿಗೆ.

ಕೋಚ್ ಉಳಿದವರತ್ತ ತಿರುಗಿದ. “ನೋಡ್ರೋ, ಇದಕ್ಕೆ ಏಕಾಗ್ರತೆ ಅಂತಾರೆ! ಕತ್ತು ಕೂಡ ಅಲ್ಲಾಡಿಸ್ತಿಲ್ಲ!”

ಪಂದ್ಯ ಶುರುವಾಯಿತು. ಎದುರು ತಂಡದಲ್ಲಿ ಜಿಂಕೆಯಂಥ ಆಟಗಾರನೊಬ್ಬನಿದ್ದ. ಎಡಕ್ಕೆ ಬಾಗಿದಂತೆ ಮಾಡಿ ಬಲಕ್ಕೆ ನುಗ್ಗುವುದು, ಬಲಕ್ಕೆ ಕಣ್ಣು ಹಾಯಿಸಿ ಎಡಕ್ಕೆ ಜಾರುವುದು ಅವನ ಕಸರತ್ತು. ಗೋಡೆಯ ಮುಂದೆ ಬಂದು ಎಲ್ಲವನ್ನೂ ಮಾಡಿದ. ಮೋಸ ಹೋಗಬೇಕಾದರೂ ಮೊದಲು ನೋಡಬೇಕಲ್ಲ? ಗೋಡೆಗೆ ನೇರಕ್ಕೆ ಬಂದ ಚೆಂಡಷ್ಟೇ ಕಾಣುತ್ತಿತ್ತು. ಕಂಡಾಗ ಒದ್ದ. ಕಾಣದಾಗ ಕಬ್ಬಿಣದ ಬೀರು ಸರಿಸಿದಂತೆ ಇಡೀ ಮೈಯನ್ನೇ ತಿರುಗಿಸಿದ. ಹಾಗೆ ತಿರುಗುವಾಗ ಜಿಂಕೆ ಎರಡು ಸಲ ಅವನ ಭುಜಕ್ಕೆ ಬಡಿದು ಮಕಾಡೆ ಬಿದ್ದ.

“ಗೋಡೆ! ಗೋಡೆ!” ಎಂದು ಜನ ಕೂಗತೊಡಗಿದರು. ಎಷ್ಟೋ ವರ್ಷದಿಂದ ಕೇಳದಿದ್ದ ಕೂಗು. ಅವನಿಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು. ಕೂಗಿದ ಕಡೆ ತಿರುಗಿ ಕೈ ಬೀಸಲೂ ಆಗದೆ ಮೂಲೆಯ ಬಾವುಟವನ್ನು ದಿಟ್ಟಿಸುತ್ತ ನಿಂತ. “ಅಬ್ಬಾ, ಎಂಥ ಗಾಂಭೀರ್ಯ!” ಎಂದಿತು ಮುಂದಿನ ಸಾಲು.

ಆಟ ಮುಗಿಯುವ ಹೊತ್ತು. ಗೋಡೆಯ ತಂಡಕ್ಕೆ ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಸಿಕ್ಕಿತು. ಎಲ್ಲರೂ ಎದುರಾಳಿಯ ಗೋಲಿನ ಮುಂದೆ ಮುತ್ತಿಕೊಂಡರು. ಚೆಂಡು ಎಲ್ಲಿಂದ ಬರುತ್ತದೆಂದು ತಿಳಿಯದೆ ಗೋಡೆ ಸುತ್ತಿ ಸುತ್ತಿ ಕೊನೆಗೆ ಗೋಲ್‌ಕೀಪರಿಗೆ ಮುಖ ಮಾಡಿ ನಿಂತುಬಿಟ್ಟ. ಗೋಲ್‌ಕೀಪರ್ ಅವನ ನೆಟ್ಟ ನೋಟಕ್ಕೆ ಗಲಿಬಿಲಿಗೊಂಡ. ಆಗ ಪಕ್ಕದಿಂದ ಹಾರಿ ಬಂದ ಚೆಂಡು ಗೋಡೆಯ ನೆತ್ತಿಗೆ ‘ಧಪ್’ ಎಂದು ಬಡಿದು ಬಲೆಯೊಳಗೆ ಹೋಯಿತು. ಗೋಲು ಹೊಡೆದದ್ದು ತಾನೇ ಎಂದು ಜೊತೆಯವರು ಮೇಲೆ ಬಿದ್ದು ತಬ್ಬಿಕೊಂಡಾಗಲೇ ಅವನಿಗೆ ಗೊತ್ತಾದದ್ದು.

ಪಂದ್ಯ ಗೆದ್ದರು. ಆದರೂ ಕೋಚ್ ರೂಮಿನ ಬಾಗಿಲಲ್ಲಿ ನಿಂತಾಗ ಗೋಡೆಗೆ ಮತ್ತೆ ಟೈರೇ ಕಂಡಿತು.

“ಬಾರಯ್ಯ, ಕೂತ್ಕೋ. ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಕಾಲ ಮುಗೀತು ಅಂತ ತೀರ್ಮಾನ ಮಾಡಿದ್ದೆ.”

“ಗೊತ್ತು ಸಾರ್,” ಎಂದ ಅವನು ಸಣ್ಣ ದನಿಯಲ್ಲಿ.

“ಆದ್ರೆ ನಿನ್ನಂಥವನನ್ನ ಬೀದಿಗೆ ಬಿಡೋಕೆ ಮನಸ್ಸು ಬರಲಿಲ್ಲ. ತಂಡಕ್ಕೊಬ್ಬ ಸಹಾಯಕ ಕೋಚ್ ಬೇಕಿತ್ತು. ಓಡೋ ಹಾಗಿಲ್ಲ, ಒದೆಸಿಕೊಳ್ಳೋ ಹಾಗಿಲ್ಲ. ನೆರಳಲ್ಲಿ ಕುರ್ಚಿ, ಬಾಯಲ್ಲಿ ಸೀಟಿ. ಕೂದಲು ಬೆಳ್ಳಗಾಗೋವರೆಗೂ ಇರಬಹುದಾದ ಕೆಲಸ. ನಿನಗೇ ಅಂತ ಇಟ್ಟಿದ್ದೆ.”

ಗೋಡೆಯ ಕಣ್ಣು ತುಂಬಿಬಂತು. “ಸಾರ್, ನಿಮ್ಮ ಉಪಕಾರ...”

“ತಡಿ, ತಡಿ. ಇವತ್ತಿನ ಆಟ ನೋಡಿದ ಮೇಲೆ ನಿನ್ನನ್ನ ಕುರ್ಚಿ ಮೇಲೆ ಕೂರಿಸೋದು ಪಾಪದ ಕೆಲಸ! ಇನ್ನೆರಡು ವರ್ಷ ನೀನು ಆಡಲೇಬೇಕು. ಒಂದು ಪಂದ್ಯಾನೂ ಬಿಡೋ ಹಾಗಿಲ್ಲ.”

“ಸಾರ್, ಬೇಡ ಸಾರ್! ಕುತ್ತಿಗೆ ಹಿಡಿದಿತ್ತು ಸಾರ್! ಬೆಳಿಗ್ಗೆಯಿಂದ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ!”

ಕೋಚ್ ಎದ್ದು ನಿಂತು ಅವನ ಎರಡೂ ಕೈ ಹಿಡಿದುಕೊಂಡ. “ಕುತ್ತಿಗೆ ಹಿಡಿದೇ ಇಷ್ಟು ಆಡಿದೆಯಾ? ಹಾಗಾದ್ರೆ ಸರಿಹೋದ ಮೇಲೆ ಇನ್ನೇನು ಆಡ್ತೀಯೋ ಮಾರಾಯ!”

ಹೊರಗೆ ಬಂದರೆ ಕೊಕ್ಕರೆ ಕಾದು ನಿಂತಿದ್ದ. ಕುಂಟುತ್ತಲೇ ಓಡಿಬಂದು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ.

“ನಿನ್ನ ಆಟ ನನ್ನ ಸಂಸಾರ ಉಳಿಸ್ತು ಕಣೋ! ಆ ಸಹಾಯಕ ಕೋಚ್ ಕೆಲಸ ಪಂದ್ಯ ಮುಗಿದ ತಕ್ಷಣ ನಂಗೆ ಸಿಕ್ತು!” ಕಣ್ಣೊರೆಸಿಕೊಂಡು, ಕೊರಳಲ್ಲಿದ್ದ ಹೊಸ ಸೀಟಿಯನ್ನು ಪ್ರೀತಿಯಿಂದ ಸವರಿದ. “ಈ ಋಣ ಹೇಗೆ ತೀರಿಸ್ಲಿ ಹೇಳು? ಒಂದು ಮಾಡ್ತೀನಿ. ನಾಳೆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಾ. ನಾನೇ ಖುದ್ದಾಗಿ ನಿಂತು ನಿನ್ನನ್ನ ಓಡಿಸ್ತೀನಿ.”